ಯಾರೂ ಕೇಳದ ಬೀದಿ

ಕೊರಟಗೆರೆ ಬೆಂಗಳೂರಿನಲ್ಲಿ ಯಾವ ಕಡೆ ಬರುತ್ತದೆ ಮೇಡಂ ಎಂದು ಗೈಡ್ ಯುವರಾಜ್ ಕೇಳಿದ್ದು ಶಿವರಂಜನಿಗೆ ಇನ್ನೂ ಚುಚ್ಚುತ್ತಿತ್ತು. ಕೇಳಿದ್ದು ಬೆಳಿಗ್ಗೆ, ರೈಲ್ವೆ ಗೇಟಿನ ಪಕ್ಕದ ಅರಳಿಮರದ ಕೆಳಗೆ, ಎಲ್ಲರೂ ದುಂಡಗೆ ನಿಂತು ತಮ್ಮ ತಮ್ಮ ಪರಿಚಯ ಹೇಳಿಕೊಳ್ಳುತ್ತಿದ್ದಾಗ. ಉಳಿದವರೆಲ್ಲ ಇಂಗ್ಲಿಷಿನಲ್ಲಿ ಹೇಳಿಕೊಂಡಿದ್ದರು. ಒಬ್ಬಳು ಪುಣೆಯವಳು, ಒಬ್ಬ ಕೊಚ್ಚಿಯವನು, ಒಂದು ಜೋಡಿ ಜರ್ಮನಿಯಲ್ಲಿದ್ದು ಬಂದದ್ದು. ತನ್ನ ಸರದಿ ಬಂದಾಗ ಅವಳು ಗಂಟಲು ಸರಿಮಾಡಿಕೊಂಡು, ಕೊರಟಗೆರೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ ಎಂದು ಕನ್ನಡದಲ್ಲೇ ಹೇಳಿದ್ದಳು. ಆಗಲೇ ಅವನು ಹಾಗೆ ಕೇಳಿದ್ದು. ಇಡೀ ದೇಶದ ಭೂಪಟವನ್ನು ಬೋರ್ಡಿನ ಮೇಲೆ ಒಂದೇ ಗೆರೆಯಲ್ಲಿ ಎಳೆದು ತೋರಿಸುವವಳಿಗೆ ಈ ನೆಟ್ಟಗೆ ಮೀಸೆ ಬಾರದವನು ಕೇಳುವ ಪ್ರಶ್ನೆಯೇ ಇದು! ಎಲ್ಲರೂ ನಕ್ಕರು. ಕೆಟ್ಟ ನಗೆಯಾಗಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅದು ಮುದ್ದು ಮಾಡುವಂಥ ನಗೆ, ದಾರಿತಪ್ಪಿ ಒಳಗೆ ಬಂದ ಕರುವನ್ನು ನೋಡಿ ನಗುವಂಥದ್ದು. ಪಕ್ಕದಲ್ಲಿದ್ದ ಲೋಹಿತಾ ಕೂಡ ನಕ್ಕಳು. ಲೋಹಿತಾ ಅವಳ ಅಣ್ಣ ಪ್ರಭುದೇವ್‌ನ ಮಗಳು, ಬೆಂಗಳೂರಿನದೊಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಕಣ್ಣು ತೋರಿಸಲೆಂದು ಬಂದ ಅತ್ತೆಯನ್ನು ಭಾನುವಾರ ಸುಮ್ಮನೆ ಮನೆಯಲ್ಲಿ ಕೂರಿಸುವುದೇಕೆಂದು ಈ ತಿರುಗಾಟಕ್ಕೆ ಹೆಸರು ಬರೆಸಿದ್ದು ಅವಳೇ. "ಒಂದೇ ಬೀದೀಲಿ ಲೋಕನೇ ನೋಡ್ಬೋದು ಅತ್ತೆ, ಬನ್ನಿ," ಎಂದಿದ್ದಳು.

ಲೋಕವೇನೋ ಇತ್ತು. ಚೌಡಪ್ಪ ಲೇಔಟಿನ ಆ ಬೀದಿ ರೈಲ್ವೆ ಹಳಿಗೆ ಬೆನ್ನು ಕೊಟ್ಟು ಉದ್ದಕ್ಕೂ ಮಲಗಿತ್ತು, ಮೇಲೆ ಕರೆಂಟಿನ ತಂತಿಗಳ ಸಿಕ್ಕು, ಕೆಳಗೆ ಒದ್ದೆ ಕಲ್ಲುಚಪ್ಪಡಿ. ಮಣಿಪುರದವರ ದಿನಸಿ ಅಂಗಡಿಯಿಂದ ಒಣಮೀನಿನ ನಾತ ಬಂದು ಮೂಗಿಗೆ ಬಡಿಯಿತು. ಅದರ ಪಕ್ಕದಲ್ಲೇ ಬಾಟಲಿಯಲ್ಲಿ ತುಂಬಿಟ್ಟ ಕಳಲೆ ಕಂಡು ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಸುಡಾನಿನಿಂದ ಓದಲು ಬಂದ ಹುಡುಗರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಶುಂಠಿ ಹಾಕಿದ ಕಾಫಿ ಕುಡಿಯುತ್ತಿದ್ದರು. ಒಬ್ಬ ನೈಜೀರಿಯಾದ ಹೆಂಗಸು ಬಾಗಿಲಲ್ಲೇ ಇನ್ನೊಬ್ಬಳ ತಲೆಗೂದಲನ್ನು ದಾರದಷ್ಟು ತೆಳ್ಳಗೆ ಹೆಣೆಯುತ್ತ, ಕತ್ತಿನಲ್ಲಿ ಸಿಕ್ಕಿಸಿಕೊಂಡ ಫೋನಿನಲ್ಲಿ ಯಾರಿಗೋ ಬಯ್ಯುತ್ತಿದ್ದಳು. ಅಸ್ಸಾಮಿನ ಕಾವಲುಗಾರರು ರಾತ್ರಿ ಪಾಳಿ ಮುಗಿಸಿ ಲುಂಗಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದರು. ಯುವರಾಜ್ ಪ್ರತಿಯೊಂದರ ಮುಂದೆ ನಿಂತು ಕೈ ಚಾಚಿ ವಿವರಿಸುತ್ತಿದ್ದ, ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆ ತೋರಿಸುವವನ ಹಾಗೆ. ಬ್ರಶ್ಶು ಬಾಯಲ್ಲಿಟ್ಟುಕೊಂಡವನಿಗೆ ಹೇಗನ್ನಿಸಬೇಕು, ಹೀಗೆ ನಿಂತು ನೋಡುವ ಈ ಜನಕ್ಕೆ ಒಂದಿಷ್ಟಾದರೂ ಮಾನ ಮರ್ಯಾದೆ ಬೇಡವೇ ಎಂದು ಶಿವರಂಜನಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಎಲ್ಲರೂ ತನ್ನನ್ನು ಹಿಂದಿಯಲ್ಲಿ ಮಾತಾಡಿಸುತ್ತಿದ್ದುದಕ್ಕೆ. ಎಳನೀರಿನವನೂ ಹಿಂದಿ, ಹೂವಿನವಳೂ ಹಿಂದಿ. ತಾನು ಕನ್ನಡದಲ್ಲಿ ಕೇಳಿದರೆ ಅವರು ಪಾಪ ಎಂಬಂತೆ ನೋಡಿ ನಿಧಾನಕ್ಕೆ, ಬಿಡಿಸಿ ಬಿಡಿಸಿ ಹಿಂದಿಯನ್ನೇ ಮತ್ತೆ ಹೇಳುತ್ತಿದ್ದರು. ತನ್ನ ರಾಜ್ಯದಲ್ಲಿ, ಊರಿನಿಂದ ಮೂರು ತಾಸು ದೂರದಲ್ಲಿ, ತಾನೊಬ್ಬಳೇ ಪರದೇಶಿ. ಆ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಗುಂಪಿನ ಹಿಂದೆ ನಡೆದಳು.

ಮಧ್ಯಾಹ್ನದ ಊಟಕ್ಕೆ ಯುವರಾಜ್ ಅವರನ್ನು ಮಾಲಾ ದೀದಿಯ ಮೆಸ್ಸಿಗೆ ಕರೆತಂದ. ಮೂರು ಮಹಡಿಯ ಕಟ್ಟಡದ ಕೆಳಗಿನ ಉದ್ದನೆಯ ಕೋಣೆ, ಕಡಪಾ ಕಲ್ಲು ಹಾಕಿದ ಮೇಜುಗಳು, ಗೋಡೆಯ ಮೇಲೆ ಬುದ್ಧನದೊಂದು ಚಿಕ್ಕ ಪಟ. ಬೀದಿಯ ಕೊನೆಯಲ್ಲಿ ಟಿಬೆಟ್ಟಿನವರಿದ್ದಾರಲ್ಲ, ಅವರಿಗೋಸ್ಕರ ಹಾಕಿರಬೇಕು ಅಂದುಕೊಂಡಳು. ಬಾಗಿಲ ಪಕ್ಕದ ಮೇಜಿನಲ್ಲಿ ಮೂಗುಬಟ್ಟಿನ ಮುದುಕಿಯೊಬ್ಬಳು ಒಬ್ಬಳೇ ಕೂತು ಮುದ್ದೆ ಮುರಿಯುತ್ತಿದ್ದಳು. ಆಕೆ ಇಂದ್ರಮ್ಮ, ಈ ಬಿಲ್ಡಿಂಗಿನ ಓನರಮ್ಮ, ದಿನಾ ಇಲ್ಲೇ ಊಟ ಎಂದು ಯುವರಾಜ್ ಹೇಳಿದ. ಆಮೇಲೆ ಒಂದು ಬಟ್ಟಲು ಎತ್ತಿ ಎಲ್ಲರ ಮೂಗಿನ ಮುಂದೆ ಆಡಿಸಿದ. "ಇದು ದೀದಿಯ ಸ್ಪೆಷಲ್. ಆಂಧ್ರದ ಕಪ್ಪು ಪುಡಿ. ಬೆಂಗಳೂರಲ್ಲಿ ಇನ್ನೆಲ್ಲೂ ಸಿಗಲ್ಲ."

ಆ ವಾಸನೆ ಮೂಗಿಗೆ ಹತ್ತುವ ಮೊದಲೇ ಶಿವರಂಜನಿಯ ಬಾಯಲ್ಲಿ ನೀರೂರಿತು. ಹುರಿದ ಹುಚ್ಚೆಳ್ಳು, ಬ್ಯಾಡಗಿಯಲ್ಲ, ಖಾರದ ನಾಟಿ ಮೆಣಸಿನಕಾಯಿ, ಬೆಳ್ಳುಳ್ಳಿ ಸಿಪ್ಪೆ ಸಮೇತ. "ಯಾವ ಆಂಧ್ರಾನಪ್ಪಾ?" ಎಂದಳು, ಬೆಳಗಿನಿಂದ ತಡೆದಿದ್ದೆಲ್ಲ ದನಿಗೆ ಬಂದಿತ್ತು. "ಇದು ಹುಚ್ಚೆಳ್ಳು ಪುಡಿ. ನಮ್ಮ ಮಧುಗಿರಿ, ಪಾವಗಡದ ಕಡೆ ಮನೆಮನೇಲೂ ಕುಟ್ತಾರೆ. ಗೊತ್ತಿಲ್ದಿದ್ರೆ ಸುಮ್ನಿರ್ಬೇಕು, ಎಲ್ಲಾದನ್ನೂ ಇನ್ನೊಬ್ಬರ ಹೆಸರಿಗೆ ಬರೀಬಾರ್ದು."

ಒಲೆಯ ಹತ್ತಿರ ಬಗ್ಗಿದ್ದ ಅಡುಗೆಯವಳು ಆ ದನಿಗೆ ನೆಟ್ಟಗಾಗಿ ತಿರುಗಿದಳು. ನರೆತ ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದಳು, ಸೀರೆಯ ಮೇಲೊಂದು ಗಂಡಸರ ಶರಟು. ಎಡಹುಬ್ಬಿನ ಮೇಲೆ ಸುಟ್ಟ ಗಾಯದ ಬಿಳಿ ಕಲೆ. ಶಿವರಂಜನಿಗೆ ಆ ಕಲೆ ಗೊತ್ತಿತ್ತು. ತನ್ನ ಹುಟ್ಟೂರು ಐ.ಡಿ.ಹಳ್ಳಿಯ ಸ್ಕೂಲಿನಲ್ಲಿ ಎಷ್ಟು ವರ್ಷ ಅದರ ಪಕ್ಕದಲ್ಲಿ, ಅಲ್ಲ, ಅದರ ಮುಂದಿನ ಸಾಲಿನಲ್ಲಿ ಕೂತಿದ್ದಳು. ಲೆಕ್ಕದಲ್ಲಿ ಯಾವಾಗಲೂ ಈ ಮಹಾಲಕ್ಷ್ಮಿಯೇ ಮೊದಲು. ಅವಳ ಉತ್ತರವನ್ನು ತಿರುಗಿ ನೋಡಿಕೊಂಡೇ ತಾನು ಪಾಸಾದದ್ದು. ಬೇಸಗೆಯಲ್ಲಿ ಅವಳು ನೀರಿಗೆಂದು ತಮ್ಮ ಮನೆಯ ಹಿಂದಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು, ಬೊಗಸೆ ಒಡ್ಡಿಕೊಂಡು ಬಗ್ಗುತ್ತಿದ್ದಳು, ತಾನು ಹಿತ್ತಾಳೆ ಚೊಂಬಿನಿಂದ ಮೇಲಿನಿಂದ ಹುಯ್ಯುತ್ತಿದ್ದಳು, ನೀರು ಮೊಣಕೈಗೆ ಇಳಿದು ಇಬ್ಬರೂ ನಗುತ್ತಿದ್ದರು. ಎಷ್ಟು ತಣ್ಣಗಿನ ನೆನಪು! ಬಸವ ಜಯಂತಿಯ ಭಾಷಣದಲ್ಲಿ ಅವಳು ಪ್ರತಿವರ್ಷ ಇದನ್ನು ಹೇಳುತ್ತಿದ್ದಳು, ನಮ್ಮ ಕಾಲದಲ್ಲೇ ನಾವು ಇಂಥದ್ದೆಲ್ಲ ಮೀರಿದ್ದೆವು, ನನ್ನ ಗೆಳತಿಗೆ ನಾನೇ ನೀರು ಕೊಡುತ್ತಿದ್ದೆ ಎಂದು.

"ಲಕ್ಷ್ಮೀ?"

"ಬೈಠಿಯೇ ಮೇಡಂ," ಎಂದಳು ಅಡುಗೆಯವಳು.

"ಲಕ್ಷ್ಮೀ, ನಾನು ಕಣೆ. ರಂಜನಿ. ಚನ್ನಮಲ್ಲಯ್ಯನೋರ ಮಗಳು. ಈಗ ಕೊರಟಗೆರೆ ಸ್ಕೂಲಲ್ಲಿ ಟೀಚರು."

ಅವಳು ನೋಡಿದಳು. ನೋಡಿ, ಸೌಟನ್ನು ಸಾರಿನ ಪಾತ್ರೆಯೊಳಗಿಟ್ಟು ಕನ್ನಡದಲ್ಲಿ ಹೇಳಿದಳು: "ಬೇರೆ ಯಾರೋ ಅನ್ಕೊಂಡಿದೀರಿ ಮೇಡಂ. ಕೂತ್ಕಳಿ, ಊಟ ಆರೋಯ್ತದೆ."

ಕೂತ್ಕಳಿ. ಆರೋಯ್ತದೆ. ಮಾತಿನ ಏರಿಳಿತವೇ ಸಾಲದೇ? ಬೆಳಗಿನಿಂದ ಸಿಕ್ಕ ಒಂದೇ ಒಂದು ಪರಿಚಯದ ಮುಖ, ಅದೂ ತನ್ನನ್ನು ಕಂಡು ಕಾಣದ ಹಾಗೆ ಮಾಡುತ್ತದೆ! ತಾನೇನು ಕೇಳಿದೆ, ಸಾಲವೇ? ಊರು ಬಿಟ್ಟು ಎರಡು ಕಾಸು ಕಂಡ ಮೇಲೆ ನಮ್ಮ ಪರಿಚಯವೂ ಬೇಡವಾಯಿತೇ? ಪುಣೆಯವಳು, ಕೊಚ್ಚಿಯವನು, ಲೋಹಿತಾ ಎಲ್ಲರೂ ನೋಡುತ್ತಿದ್ದರು, ಮತ್ತೆ ಆ ಮುದ್ದು ನಗೆ ತುಟಿಯಂಚಿಗೆ ಬಂದಿತ್ತು, ಪಾಪ, ಹಳ್ಳಿಯ ಹೆಂಗಸು ಯಾರನ್ನೋ ಯಾರೆಂದೋ ಅಂದುಕೊಂಡಳು ಎಂಬಂತೆ. ಅದನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ. ಕ್ಲಾಸಿನಲ್ಲಿ ಗದ್ದಲವೆದ್ದಾಗ ಏರಿಸುವ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಸುಳ್ಳು ಹೇಳ್ಬೇಡ ಕಣೆ. ಇವ್ಳು ನಮ್ಮೂರೋಳು! ಐ.ಡಿ.ಹಳ್ಳಿ ತಮಟೆ ಗಂಗಯ್ಯನ ಮಗಳು. ನಂ ಕ್ಲಾಸಲ್ಲೇ ಓದಿದ್ದು. ಇವರಪ್ಪ ತಮಟೆ ಹಿಡಿದ್ರೆ ಇಡೀ ಹೋಬ್ಳಿಗೇ ಕೇಳೋದು, ಅಂಥ ಕೈ!"

ಹೊಗಳಿಕೆಯೆಂದೇ ಹೇಳಿದ್ದು. ಹೇಳಿ ಮುಗಿಸಿ ಸುತ್ತ ನೋಡಿದಾಗ ಯುವರಾಜ್ ಚಪ್ಪಾಳೆ ತಟ್ಟುತ್ತಿದ್ದ. "ಸ್ಕೂಲ್ ಫ್ರೆಂಡ್ಸಾ? ವಾವ್ ದೀದಿ! ಇಬ್ರೂ ಪಕ್ಕಪಕ್ಕ ನಿಂತ್ಕೊಳ್ಳಿ, ಒಂದು ಫೋಟೋ." ಜರ್ಮನಿಯ ಜೋಡಿ ಎದೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿತ್ತು. ಮಹಾಲಕ್ಷ್ಮಿ ಮಾತ್ರ ಅವಳನ್ನು ನೋಡುತ್ತಿರಲಿಲ್ಲ. ಬಾಗಿಲ ಪಕ್ಕದ ಮೇಜನ್ನು ನೋಡುತ್ತಿದ್ದಳು. ಅಲ್ಲಿ ಇಂದ್ರಮ್ಮನ ಕೈ ತಟ್ಟೆಯ ಮೇಲೆ ನಿಂತಿತ್ತು, ಬೆರಳ ತುದಿಯಲ್ಲಿ ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತು.

"ತಮಟೆಯೋರಾ?" ಎಂದಳು ಮುದುಕಿ, ಯಾರಿಗೂ ಅಲ್ಲ ಎಂಬಂತೆ, ಬಹಳ ಮೆಲ್ಲಗೆ.

ತುತ್ತು ತಟ್ಟೆಗೆ ಬಿತ್ತು. ಆಕೆ ಮೇಜು ಹಿಡಿದು ಎದ್ದು, ಗೋಡೆಯ ಪಕ್ಕದ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸತೊಡಗಿದಳು. ಒಂದು ಸಲ, ಇನ್ನೊಂದು ಸಲ, ಗಂಟಲೊಳಗಿಂದ ಕ್ಯಾಕರಿಸಿ ಉಗಿದು ಮತ್ತೆ. ಮೆಸ್ಸಿನಲ್ಲಿ ಬೇರೆ ಯಾರಿಗೂ ಅದೊಂದು ಸದ್ದೇ ಅಲ್ಲ, ವಯಸ್ಸಾದವರು ಕೈ ತೊಳೆಯುವುದು ಹಾಗೇ. ಆ ಸದ್ದಿನ ಅರ್ಥ ಗೊತ್ತಿದ್ದದ್ದು ಅಲ್ಲಿ ಮೂವರಿಗೆ. ಶಿವರಂಜನಿಗೆ ಕಿವಿ ಬಿಸಿಯಾಯಿತು. ಅವಳ ತಾಯಿ ಬಸವಮ್ಮ ಹಿಂದಿನ ಬಾಗಿಲ ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದ ಮಾತು ಯಾಕೋ ಈಗ ಕೇಳಿಸಿತು, ಎತ್ತಿ ಹುಯ್ಯೇ, ಚೊಂಬು ತಾಗಿಸ್ಬೇಡ. ಇಷ್ಟು ವರ್ಷ ಆ ನೆನಪಿನಲ್ಲಿ ನೀರಿತ್ತು, ನಗುವಿತ್ತು, ಆ ಮಾತು ಇರಲಿಲ್ಲ.

ರೊಟ್ಟಿ ಬೇಯಿಸುತ್ತಿದ್ದ ನೇಪಾಳದ ಹೆಂಗಸು ಕೈಯ ಹಿಟ್ಟು ಒರೆಸುತ್ತ ಹತ್ತಿರ ಬಂದಳು. ಕ್ಯಾ ಹುವಾ, ದೀದಿಗೆ ಏನಂದಿರಿ ನೀವು ಎಂದು ಹಿಂದಿಯಲ್ಲಿ ಕೇಳಿದಳು. ಶಿವರಂಜನಿ ತನಗೆ ಬರುವ ಹಿಂದಿಯನ್ನೆಲ್ಲ ಒಟ್ಟುಗೂಡಿಸಿದಳು. ಏನೂ ಇಲ್ಲ, ಇವಳ ತಂದೆ, ಢೋಲ್, ಅದೇನೋ ಬಜಾನಾ, ಒಳ್ಳೆಯ ಬಜಾನಾ. ಹಾಗಾದರೆ ಅಮ್ಮ ಯಾಕೆ ಊಟ ಬಿಟ್ಟು ಎದ್ದರು? ಅದು, ಅವರ ಮನೆ ಗಾಂವ್‌ನ ಹೊರಗೆ, ಅಲಗ್, ಅವರು ಅಲಗ್ ಲೋಗ್, ಬೇರೆ ಜನ. ಒಂದೊಂದು ಮಾತು ಆಡಿದ ಹಾಗೂ ಅದು ಬಾಯಲ್ಲಿ ಕೊಳೆಯುತ್ತಿತ್ತು. ಊರಿನಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿರದ ವಿಷಯ. ಬಿಡಿಸಿ ಹೇಳಹೊರಟರೆ ಅದಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ. ನೇಪಾಳದವಳು ಸ್ವಲ್ಪ ಹೊತ್ತು ಅವಳ ಬಾಯನ್ನೇ ನೋಡಿದಳು. ಆಮೇಲೆ "ಜಾತ್?" ಎಂದಳು. "ಹಮಾರೆ ಉಧರ್ ಭೀ ಹೈ." ನಮ್ಮ ಕಡೆಯೂ ಇದೆ. ಅಷ್ಟೇ ಹೇಳಿ ಒಲೆಯ ಹತ್ತಿರ ಹೋದಳು. ಹೋದವಳು ಮಹಾಲಕ್ಷ್ಮಿಯ ಪಕ್ಕದಲ್ಲಿ ನಿಂತು ರೊಟ್ಟಿ ಲಟ್ಟಿಸತೊಡಗಿದಳು, ಮೊದಲಿಗಿಂತ ಜೋರಾಗಿ.

"ಅತ್ತೆ, ಏನ್ ಮಾಡಿದ್ರಿ ನೀವು?" ಹೊರಗೆ ಬಂದ ಮೇಲೆ ಲೋಹಿತಾ ಕೇಳಿದಳು. ಅಷ್ಟರಲ್ಲಿ ಅವಳಿಗೂ ಅರ್ಥವಾಗಿತ್ತು. ಶಿವರಂಜನಿ ಊಟವನ್ನು ಮುಟ್ಟದೆ ಎದ್ದುಬಂದಿದ್ದಳು. ಹಾಗೆ ಎದ್ದುಬಂದದ್ದೂ ಮುದುಕಿ ಎದ್ದುಹೋದ ಹಾಗೆಯೇ ಕಂಡಿರಬಹುದು ಎಂದು ಈಗ ಹೊಳೆಯಿತು.

"ನಾನೇನ್ ಮಾಡ್ದೆ? ಪರಿಚಯ ಹೇಳಿದ್ದೂ ತಪ್ಪಾ? ಅಪ್ಪನ ಹೆಸರು ಹೇಳಿದ್ರೆ ಅವಮಾನಾನಾ?"

"ಬರೀ ಗಂಗಯ್ಯ ಅಂದಿದ್ರೆ ಸಾಕಾಗ್ತಿರ್ಲಿಲ್ವಾ?"

"ಊರಲ್ಲೆಲ್ಲ ಹಂಗೇ ಕರೀತಿದ್ದದ್ದು!" ಎಂದು ಕೂಗಿದಳು. ಟಿಬೆಟ್ಟಿನವರ ಅಂಗಡಿಯ ಮುಂದೆ ಯುವರಾಜ್ ಮತ್ತೇನನ್ನೋ ತೋರಿಸುತ್ತಿದ್ದ. ತಪ್ಪು ಅವನದು, ಆಂಧ್ರ ಎಂದವನು ಅವನು. ತಪ್ಪು ಲೋಹಿತಾಳದು, ಇಲ್ಲಿಗೆ ಕರೆತಂದವಳು. ತಪ್ಪು ಲಕ್ಷ್ಮಿಯದು, ಮೊದಲೇ ಹೌದು ಅಂದಿದ್ದರೆ ತಾನು ಯಾಕೆ ಬಾಯಿಬಿಡುತ್ತಿದ್ದೆ? ತಪ್ಪೆಲ್ಲ ಆ ಮುದುಕಿಯದು, ದಿನಾ ಉಂಡ ಅನ್ನಕ್ಕೆ ಉಗಿಯುವ ಗೊಡ್ಡು ಮುದುಕಿಯದು! ಹೌದು, ಅಲ್ಲೇ ಇಳಿಸಬೇಕು ಈ ಸಿಟ್ಟನ್ನು. ಲೋಹಿತಾ ಕರೆಯುತ್ತಿದ್ದರೂ ಕೇಳದೆ ಅವಳು ಬಿರಬಿರನೆ ಹಿಂದಕ್ಕೆ ನಡೆದಳು.

ಇಂದ್ರಮ್ಮ ಮೆಸ್ಸಿನ ಹೊರಗೆ, ಮೇಲಿನ ಮನೆಗೆ ಹೋಗುವ ಮೆಟ್ಟಿಲ ಮೇಲೆ ಕೂತಿದ್ದಳು. ಶಿವರಂಜನಿಯನ್ನು ಕಂಡೊಡನೆ ಆಕೆಯ ಮುಖ ಅರಳಿತು. ಪಕ್ಕಕ್ಕೆ ಜರುಗಿದಳು. "ಬಾಮ್ಮ, ಕೂತ್ಕೋ. ನೀವು ಯಾವ್ ಜನ?" ಇವಳು ಬಾಯಿಬಿಡುವ ಮೊದಲೇ ಹಣೆಯ ಮೇಲಿನ ವಿಭೂತಿಯ ಮಾಸಲು ಗೆರೆ ನೋಡಿ ತಾನೇ ಉತ್ತರ ಕಂಡುಕೊಂಡಳು. "ಐನೋರಾ? ಅದ್ಕೇ ಮತ್ತೆ. ಪುಣ್ಯಾತ್ಗಿತ್ತಿ ಕಣಮ್ಮ ನೀನು, ಬಂದು ಹೇಳ್ದೆ. ಹನ್ನೊಂದು ವರ್ಷ ಉಂಡಿದೀನಿ ಅವಳ ಕೈದ. ಈ ಬೀದೀಲಿ ಕರಿಯೋರು, ಚಪ್ಪಟೆ ಮೂಗೋರು, ಯಾರ್ ಯಾರು ಅಂತ ನಂಗೇನ್ ಗೊತ್ತಾಯ್ತದೆ? ನಿಮ್ಮಂತೋರು ಬಂದು ಹೇಳಿದ್ರೇ ಗೊತ್ತಾಗೋದು."

ಬಯ್ಯಲು ಬಂದವಳು ಬಗ್ಗಿ ನಿಂತು ಕೇಳುತ್ತಿದ್ದಳು. ಆಕೆ ತನ್ನ ಕೈ ಹಿಡಿದುಕೊಂಡಿದ್ದಳು. ಒಣಗಿದ, ಬೆಚ್ಚಗಿನ ಕೈ, ತನ್ನ ಅಜ್ಜಿಯದೇ ಇರಬಹುದಾದ ಕೈ. ಬೆಳಗಿನಿಂದ ಈ ಊರಿನಲ್ಲಿ ಯಾರೂ ತನ್ನನ್ನು ಹೀಗೆ ಕನ್ನಡದಲ್ಲಿ, ತನ್ನವಳೆಂದು ಮುಟ್ಟಿ ಮಾತಾಡಿಸಿರಲಿಲ್ಲ. ಆ ಸುಖ ಮೈಯಲ್ಲಿ ಏಳುತ್ತಿರುವುದು ಅವಳಿಗೇ ತಿಳಿಯಿತು. ತಿಳಿದು ಕೈ ಕಿತ್ತುಕೊಂಡಳು. ಮತ್ತು ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿಬಿಟ್ಟಳು.

"ನಂದೇ ತಪ್ಪಾಯ್ತು ಅಜ್ಜಿ. ನಂಗೆ ಕಣ್ಣು ಸರಿಯಾಗಿ ಕಾಣ್ಸಲ್ಲ, ಕಣ್ಣು ತೋರ್ಸಕ್ಕೇ ಬಂದಿರೋದು. ಇವ್ಳು ಆ ಗಂಗಯ್ಯನ ಮಗಳಲ್ಲ. ನಮ್ಮೋಳೇ. ಲಿಂಗಾಯತ್ರೇ. ನಮ್ಮ ದೊಡ್ಡಪ್ಪನ ಕಡೆ ಸಂಬಂಧ."

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. ನಂಬಬೇಕೆಂದು ಆಕೆಗೂ ಆಸೆಯಿತ್ತು. ಹಸಿವಾಗಿತ್ತು. "ದಿಟ್ವಾ?"

"ದಿಟ ಅಜ್ಜಿ."

"ಇಲ್ಲ ಇಂದ್ರಮ್ಮಾರೆ." ಮಹಾಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. ದನಿ ಏರಿರಲಿಲ್ಲ. "ಇವ್ರು ಮೊದ್ಲು ಹೇಳಿದ್ದೇ ಸರಿ. ನಾನು ಗಂಗಯ್ಯನ ಮಗಳೇ. ಇವ್ರ ದೊಡ್ಡಪ್ಪ ಯಾರೋ ನಂಗೊತ್ತಿಲ್ಲ."

ಆಗ ಮೇಲಿನಿಂದ ಚಪ್ಪಲಿ ಸದ್ದು ಮಾಡಿಕೊಂಡು ಗೌರೀಶ್ ಇಳಿದುಬಂದ. ಇಂದ್ರಮ್ಮನ ಮಗ, ಬರ್ಮುಡಾ ಹಾಕಿದ್ದ, ಕೈಯಲ್ಲಿ ಕಾರಿನ ಕೀ. ತಾಯಿ ಅವನಿಗೆ ಎರಡೇ ಮಾತಿನಲ್ಲಿ ಹೇಳಿದಳು. ಅವನು ತಲೆ ಕೆರೆದುಕೊಂಡ. ತುಂಬ ಸಭ್ಯನಾದ ಮನುಷ್ಯ. "ನಂಗೇನೂ ಇಲ್ಲ ಮಾಲಾ ಅವ್ರೇ, ನಾನು ಅದೆಲ್ಲ ನೋಡೋನಲ್ಲ. ನಿಮ್ಗೇ ಗೊತ್ತಲ್ಲ. ಆದ್ರೆ ಅಮ್ಮಂಗೆ ವಯಸ್ಸಾಯ್ತು, ಈ ವಯಸ್ಸಲ್ಲಿ ಮನಸ್ಸಿಗೆ ಹಚ್ಕೊಂಡ್ರೆ... ನೀವೇ ಒಂದ್ಸಲ ಬೇರೆ ಕಡೆ ಜಾಗ ನೋಡಿದ್ರೆ ಎಲ್ರಿಗೂ ಒಳ್ಳೇದು. ಅರ್ಜೆಂಟ್ ಏನಿಲ್ಲ."

"ಎಲ್ರಿಗೂ ಅಂದ್ರೆ ಯಾರ್ಗೆ ಸಾರ್?"

"ಹಂಗಲ್ಲ..."

"ಹೆಂಗೆ ಮತ್ತೆ? ಅಗ್ರಿಮೆಂಟ್ ಐತೆ, ಮುಂದಿನ ಯುಗಾದಿಗಂಟ. ಬಾಡ್ಗೆ ಒಂದ್ ತಿಂಗ್ಳು ತಡ ಮಾಡಿಲ್ಲ. ಯಾಕೆ ಬುಡಿಸ್ತಾ ಇದೀರಿ ಅಂತ ಬರ್ದು ರುಜು ಹಾಕ್ಕೊಡಿ, ಇವತ್ತೇ ಬುಟ್ಟೋಯ್ತೀನಿ. ಬರೀತೀರಾ? ಅದೇ ಮಾತು ಬರೀಬೇಕು, ಅಮ್ಮಂಗೆ ವಯಸ್ಸಾಯ್ತು ಅಂತಲ್ಲ." ಅವನು ಕೀಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡ. ಬೀದಿಯಲ್ಲಿ ಕೂದಲು ಹೆಣೆಯುವವಳು ಕೆಲಸ ನಿಲ್ಲಿಸಿ ಇತ್ತ ನೋಡುತ್ತಿದ್ದಳು. ಲುಂಗಿಯ ಕಾವಲುಗಾರರೂ ನೋಡುತ್ತಿದ್ದರು. ಮಾತು ತಿಳಿಯದಿದ್ದರೂ ಯಾರ ಮೇಲೆ ಯಾರು ಬಂದಿದ್ದಾರೆ ಎಂಬುದು ತಿಳಿದಿತ್ತು. ಗೌರೀಶ್ "ಆಮೇಲ್ ಮಾತಾಡಣ" ಎಂದು ತಾಯಿಯ ರಟ್ಟೆ ಹಿಡಿದು ಮೇಲಕ್ಕೆ ಹತ್ತಿಸಿಕೊಂಡು ಹೋದ. ಮುದುಕಿ ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ಬಿಡುತ್ತಿದ್ದಳು.

ಮಹಾಲಕ್ಷ್ಮಿ ಒಳಗೆ ಹೋದಳು. ಶಿವರಂಜನಿ ಹಿಂದೆಯೇ ಹೋದಳು. ಒಲೆಯ ಮೇಲೆ ಅನ್ನದ ದೊಡ್ಡ ಡಬರಿ ಹಬೆಯಾಡುತ್ತಿತ್ತು. ಅವಳಿಗೆ ಅಳು ಬಂದಿತ್ತು, ಆದರೆ ಅದು ಅಳುವೋ ಕೋಪವೋ ತಿಳಿಯದು. ತಾನು ಅಷ್ಟು ದೊಡ್ಡ ಸುಳ್ಳು ಹೇಳಿದ್ದೆ, ಜೀವನದಲ್ಲಿ ಯಾರಿಗೂ ಮಾಡದ್ದನ್ನು ಮಾಡಿದ್ದೆ, ತನ್ನ ದೊಡ್ಡಪ್ಪನ ಮನೆತನವನ್ನೇ ಎತ್ತಿ ಕೊಟ್ಟಿದ್ದೆ, ಅದನ್ನು ಹೀಗೆ ಮುಖಕ್ಕೆ ಎಸೆಯುವುದೇ?

"ನಾನು ಸರಿ ಮಾಡಕ್ಕೆ ಹೋಗಿದ್ದೆ ಲಕ್ಷ್ಮೀ. ನೀನ್ಯಾಕೆ ಮಧ್ಯ ಬಂದೆ? ಆ ಮುದುಕಿ ನಂಬಿದ್ಲು."

"ನಂಬಿದ್ಲು ಕಣೆ. ಅದ್ಕೇ ಬಂದೆ."

ಕಣೆ. ಇಷ್ಟು ವಯಸ್ಸಿಗೆ ಮೊದಲ ಸಲ ಮಹಾಲಕ್ಷ್ಮಿ ಅವಳನ್ನು ಏಕವಚನದಲ್ಲಿ ಕರೆದಿದ್ದಳು. ಸ್ಕೂಲಿನಲ್ಲಿ ಯಾವಾಗಲೂ ರಂಜನಮ್ಮಾರು. ಅದು ಎಲ್ಲೋ ಒಂದು ಕಡೆ ಕುಟುಕಿತು. ಕುಟುಕಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನೀನು ಮುಚ್ಚಿಟ್ಕೊಂಡಿದ್ದೆ ಅಂತ ನಂಗೇನ್ ಕನಸು ಬಿದ್ದಿತ್ತಾ?" ಎಂದಳು.

ಮಹಾಲಕ್ಷ್ಮಿ ಡಬರಿಯ ಮುಚ್ಚಳವನ್ನು ತೆಗೆದು ಪಕ್ಕಕ್ಕಿಟ್ಟಳು. "ಯಾರ್ ಮುಚ್ಚಿಟ್ಟಿದ್ದು? ನಾನೊಂದ್ ಸುಳ್ಳು ಹೇಳಿಲ್ಲ ಈ ಬೀದೀಲಿ. ಆ ಬುದ್ಧನ ಪಟ ಗೋಡೆ ಮ್ಯಾಲೇ ಐತೆ, ನಮ್ಮಣ್ಣ ದೀಕ್ಷೆ ತಗಂಡಾಗ ತಂದಿದ್ದು. ಹೆಸ್ರು ಉದ್ದ ಆಯ್ತು ಅಂತ ಇವ್ರು ಮಾಲಾ ಅಂದ್ರು, ಅನ್ನಿ ಅಂದೆ. ತೆಲುಗು ಮಾತಾಡ್ತೀನಿ ಅಂತ ಆಂಧ್ರ ಅನ್ಕಂಡ್ರು, ಅನ್ಕಳಿ ಅಂದೆ. ಜಾತಿ ಯಾವ್ದು ಅಂತ ಯಾರೂ ಕೇಳ್ಲಿಲ್ಲ ಕಣೆ. ಕೇಳಿದ್ರೆ ಹೇಳ್ತಿದ್ದೆ. ಹನ್ನೊಂದು ವರ್ಷ ಯಾರೂ ಕೇಳ್ಲಿಲ್ಲ. ನೀನು ಬಂದೆ, ಕೇಳ್ದೇನೇ ಹೇಳ್ಬುಟ್ಟೆ."

"ನಾನು ಕೆಟ್ಟದ್ದಕ್ಕೆ ಹೇಳ್ಲಿಲ್ಲ."

"ಗೊತ್ತು. ಒಳ್ಳೇದಕ್ಕೇ ಹೇಳ್ದೆ. ಆಮೇಲೆ ಒಳ್ಳೇದಕ್ಕೇ ನಿನ್ನ ಜಾತೀನೂ ಒಂದ್ ಗಳಿಗೆ ನಂಗೆ ಹೊದ್ಸಕ್ಕೆ ಬಂದೆ, ಬಸ್ಸಲ್ಲಿ ಚಳಿ ಆಯ್ತದೆ ಅಂತ ಪಕ್ಕದೋರ್ಗೆ ಶಾಲು ಕೊಡ್ತಾರಲ್ಲ ಅಂಗೆ. ಬ್ಯಾಡ. ನಮ್ಮಪ್ಪ ಸತ್ತಿದ್ದು ನಿಮ್ಮ ಬೀದಿಯೋರ ಹೆಣದ ಮುಂದೆ ತಮಟೆ ಬಡ್ದು ಬಡ್ದೂನೆ. ಅವ್ನ ಮಗಳಲ್ಲ ಅನ್ನಿಸ್ಕಂಡು ಆ ಮುದ್ಕಿಗೆ ಮುದ್ದೆ ಇಕ್ಬೇಕಾ ನಾನು?"

ಶಿವರಂಜನಿ ಬಾಗಿಲ ಪಕ್ಕದ ಮೇಜಿನಲ್ಲಿ ಕೂತುಬಿಟ್ಟಳು. ಎದುರಿಗೆ ಇಂದ್ರಮ್ಮ ಬಿಟ್ಟುಹೋದ ತಟ್ಟೆ ಹಾಗೇ ಇತ್ತು, ಮುದ್ದೆಯ ಮೇಲೆ ನೊಣ. ಈಗ ಮಾಡಬಹುದಾದದ್ದು ಒಂದೇ ಎಂದು ಅವಳಿಗೆ ತೋರಿತು, ತೋರಿದೊಡನೆ ಎದೆ ಹಗುರಾಯಿತು. "ನಂಗೆ ಊಟ ಹಾಕು ಲಕ್ಷ್ಮೀ," ಎಂದಳು. "ಎಲ್ರ ಮುಂದೆ ಕೂತು ಉಣ್ತೀನಿ. ಆ ಮುದುಕಿಯೂ ಮೇಲಿಂದ ನೋಡ್ಲಿ."

ಮಹಾಲಕ್ಷ್ಮಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಲೆಕ್ಕ ತಪ್ಪಿದವರ ಹಾಳೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ ಹುಡುಗಿಯ ನೋಟ ಅದು.

"ಊಟ ಆಗೋಯ್ತು," ಎಂದಳು.

"ಡಬರಿ ತುಂಬ ಅನ್ನ ಇದೆಯಲ್ಲೇ!"

"ಐತೆ. ನಿಂಗಿಲ್ಲ. ನೀನಿಲ್ಲಿ ಉಂಡು ಹೋಗಿ ಸ್ಕೂಲಲ್ಲಿ ಹೇಳ್ತೀಯ. ವರ್ಷ ವರ್ಷ ಹೇಳ್ತೀಯ. ನಾನು ಇಕ್ಕಲ್ಲ." ಆಮೇಲೆ, ಸ್ವಲ್ಪ ಮೆಲ್ಲಗೆ: "ಹೊತ್ತಾಯ್ತು, ಹೋಗು. ಗಿರಾಕಿ ಬರೋ ಟೈಮು."

ಬಾಗಿಲಲ್ಲಿ ಆಗಲೇ ಸುಡಾನಿನ ಹುಡುಗರು ನಿಂತಿದ್ದರು. ಅವಳೆದ್ದ ಜಾಗದಲ್ಲಿ ಅವರು ಕೂತರು. ನೇಪಾಳದವಳು ಮುದುಕಿಯ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಅದರಲ್ಲಿದ್ದದ್ದನ್ನು ಹಳಿಯ ಪಕ್ಕದ ನಾಯಿಗಳಿಗೆ ಸುರಿದಳು.

ಆಮೇಲಿನದೆಲ್ಲ ಲೋಹಿತಾ ಫೋನಿನಲ್ಲಿ ಹೇಳಿದ್ದು. ಇಂದ್ರಮ್ಮನಿಗೆ ಈಗ ದೂರದ ಯಾವುದೋ ಹೋಟೆಲಿನಿಂದ ಪಾರ್ಸೆಲ್ ಬರುತ್ತದಂತೆ, ಅದು ಸೇರದೆ ಮುದುಕಿ ಸಣ್ಣಗಾಗಿದ್ದಾಳಂತೆ. ಗೌರೀಶ್ ಬರೆದೂ ಕೊಡಲಿಲ್ಲ, ಬಿಡಿಸಲೂ ಇಲ್ಲ. ಯುಗಾದಿಗೆ ಏನು ಮಾಡುತ್ತಾನೋ 'ನೋಡೋಣ' ಎನ್ನುತ್ತಾನಂತೆ. ಮಾಲಾ ದೀದಿ ಯುವರಾಜ್‌ಗೆ ಇನ್ನು ಜನರನ್ನು ಕರೆದುಕೊಂಡು ಬರಬೇಡ, ಉಣ್ಣುವವರಿದ್ದರೆ ಬರಲಿ, ನೋಡುವವರು ಬೇಡ ಎಂದಿದ್ದಾಳಂತೆ. ಒಲೆ ಉರಿಯುತ್ತಿದೆ.

ಆದರೆ ಅವೆಲ್ಲ ಆಮೇಲೆ. ಆ ಸಂಜೆ ಮಧುಗಿರಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಿವರಂಜನಿ ಮೇಲಿನ ಕಂಬಿ ಹಿಡಿದು ನಿಂತಿದ್ದಳು, ಬೆಳಗಿನಿಂದ ಏನೂ ತಿಂದಿರಲಿಲ್ಲ. ನೆಲಮಂಗಲ ದಾಟುವವರೆಗೂ ಅವಳು ಮಹಾಲಕ್ಷ್ಮಿಗೆ ಉತ್ತರ ಕೊಡುತ್ತಲೇ ಇದ್ದಳು. ಎಷ್ಟು ಸೊಕ್ಕು! ಒಂದು ತುತ್ತು ಅನ್ನ, ಹಸಿದು ಬಂದವಳಿಗೆ! ತಾನೇನು ಬೇಕೆಂದು ಮಾಡಿದೆನೇ? ಯಾರಿಗೆ ಹೇಳುತ್ತೇನೆ ನಾನು, ಹೇಳುವುದಿಲ್ಲ, ಈ ಸಲದ ಭಾಷಣದಲ್ಲಿ ಅದನ್ನು ತೆಗೆದೇಬಿಡುತ್ತೇನೆ. ಹಾಗಂದುಕೊಂಡ ಕೂಡಲೇ, ತೆಗೆದುಬಿಟ್ಟದ್ದನ್ನೂ ಹೇಗೆ ಹೇಳಬಹುದೆಂದು ಮನಸ್ಸು ಮಾತು ಜೋಡಿಸುತ್ತಿರುವುದು ಕಂಡಿತು. ನನ್ನ ಗೆಳತಿಯೊಬ್ಬಳು ನನ್ನ ಕಣ್ಣು ತೆರೆಸಿದಳು, ಮಕ್ಕಳೇ. ಅವಳು ಕಂಬಿಯನ್ನು ಬೆರಳು ಬಿಳುಪಾಗುವಷ್ಟು ಬಿಗಿಯಾಗಿ ಹಿಡಿದಳು.

ದಾಬಸ್‌ಪೇಟೆಯಲ್ಲಿ ಬಸ್ಸು ನಿಂತಾಗ, ಮೂವರ ಸೀಟಿನ ಅಂಚಿನಲ್ಲಿ ಕೂತಿದ್ದ ಹೆಂಗಸು ತಲೆಯೆತ್ತಿ ಅವಳನ್ನು ನೋಡಿದಳು. ರೇಷ್ಮೆ ಸೀರೆ, ಮಡಿಲಲ್ಲಿ ತಾಂಬೂಲದ ಚೀಲ, ಮದುವೆ ಮುಗಿಸಿ ಬಂದವಳಿರಬೇಕು. ಕಂಡಕ್ಟರ್ ಹತ್ತಿರ ಇವಳಾಡಿದ ಮಾತು ಆಕೆಗೆ ಕೇಳಿಸಿತ್ತು. "ಎಲ್ಲಿಗೆ, ಕೊರಟಗೆರೆಗಾ?" ಎಂದಳು. ಹೌದೆಂದಳು. "ಟೀಚರಾ?" ಹೌದೆಂದಳು. ಆಕೆ ನಕ್ಕು, ಬಿಸಿಲೇನು ಮಳೆಯೇನು ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದಳು:

"ನೀವು ಯಾವ್ ಪೈಕಿ?"

ಯಾಕ್ರೀ ಕೇಳ್ತೀರಾ, ಏನ್ ಮಾಡ್ತೀರಾ ತಿಳ್ಕೊಂಡು, ನಿಮಗೇನಾಗ್ಬೇಕು ಅದನ್ನ ಕಟ್ಕೊಂಡು ಎಂದು ಅರಚಬೇಕೆನ್ನಿಸಿತು. ಬಸ್ಸೆಲ್ಲ ತಿರುಗಿ ನೋಡುವ ಹಾಗೆ ಅರಚಬೇಕು. ಬಾಯಿ ತೆರೆದಳು.

"ನಾವು ಲಿಂಗಾಯತ್ರು," ಎಂದಿತು ಬಾಯಿ, ತಾನಾಗಿ, ಮೃದುವಾಗಿ, ಯಾವಾಗಲೂ ಹೇಳುವ ಹಾಗೆ.

"ನಾವೂನೂ," ಎಂದಳು ಹೆಂಗಸು. ಆಕೆ ಪಕ್ಕದವರನ್ನು ಒತ್ತಿ ಒಳಗೆ ಜರುಗಿ ಒಂದು ಗೇಣು ಜಾಗ ಮಾಡಿದಳು. "ಬನ್ನಿ, ಎಷ್ಟೊತ್ತು ನಿಂತಿರ್ತೀರ."

ಶಿವರಂಜನಿ ಕಂಬಿ ಬಿಟ್ಟಳು. ಬಸ್ಸು ಹೊರಟಿತು. ಅವಳು ಕೂತಳು.